ವೇದಿ ಉಣ್ಣುವ ಹೋಟೆಲು

ಬೆಂಗಳೂರಿಗೆ ಹೋಗುವುದೆಂದು ತೀರ್ಮಾನವಾಗಲು ಒಂದು ಗಳಿಗೆಯೂ ಹಿಡಿಯಲಿಲ್ಲ. ಹೋದ ಮೇಲೆ ವೇದಿ ಎಲ್ಲಿ ಉಣ್ಣಬೇಕು ಎಂಬುದು ಮಾತ್ರ ಇಕ್ಕೇರಿ ದಾರಿಯ ಆ ಮನೆಯಲ್ಲಿ ಐದು ವಾರ ಎಲ್ಲರ ತಲೆ ತಿಂದಿತು.

ವೇದಿ ಎಂದರೆ ವೇದಾವತಿ, ಆರು ವರ್ಷದ ಹುಡುಗಿ. ಅವಳ ಅಪ್ಪ ಸೀತಾರಾಮಪ್ಪ ಸಾಗರದ ಹತ್ತಿರ ಪ್ರೈಮರಿ ಸ್ಕೂಲಿನ ಮೇಷ್ಟ್ರು. ಹಾಜರಿ ಪುಸ್ತಕದಲ್ಲಿ ಬರೆದರೆ ಚೆಂದ ಕಾಣಬೇಕೆಂದು ಅವನು ಹುಡುಕಿ ಇಟ್ಟ ಹೆಸರು ಅಜ್ಜಿ ಕೆರಿಯಮ್ಮನ ಬಾಯಲ್ಲಿ ನಾಮಕರಣದ ಸಂಜೆಯೇ ವೇದಿ ಎಂದಾಗಿತ್ತು. ಹಿಂದಿನ ವರ್ಷ ದಡಾರ ಎದ್ದು ಇಳಿದ ಮೇಲೆ ಮಗುವಿನ ಎಡಗಣ್ಣು ಮೂಗಿನ ಕಡೆ ವಾಲಲು ಶುರುವಾಯಿತು. ಸಾಗರದ ಡಾಕ್ಟರು ಬೆಂಗಳೂರಿನ ದೊಡ್ಡ ಕಣ್ಣಾಸ್ಪತ್ರೆಗೆ ಚೀಟಿ ಬರೆದರು. ಚೀನಾ ಯುದ್ಧವಾದ ಮಾರನೆಯ ವರ್ಷವದು. ಏಪ್ರಿಲ್ ರಜೆಯಲ್ಲಿ ಬನ್ನಿ ಎಂದು ಆಸ್ಪತ್ರೆಯಿಂದ ಕಾರ್ಡು ಬಂತು.

ಕಣ್ಣಿನ ಚಿಂತೆಯನ್ನು ಕೆರಿಯಮ್ಮ ಡಾಕ್ಟರಿಗೆ ಬಿಟ್ಟಳು, ಹೊಟ್ಟೆಯ ಚಿಂತೆಯನ್ನು ತಾನು ಇಟ್ಟುಕೊಂಡಳು. ದಡಾರ ಬಂದು ಹೋದ ಮೇಲೆ ವೇದಿಗೆ ಊಟವೆಂದರೆ ಶಿಕ್ಷೆಯಾಗಿತ್ತು. ಗುರುತಿಲ್ಲದವರು ನೋಡುತ್ತಿದ್ದರೆ ಬಾಯಿಗೆ ಬೀಗ. ಹೊಟ್ಟೆ ಖಾಲಿಯಿದ್ದರೆ ಬಸ್ಸಿನಲ್ಲಿ ವಾಂತಿ. ಕುತ್ತಿಗೆಯ ಎಲುಬು ಎಣಿಸುವಷ್ಟು ಸೊರಗಿದ್ದ ಮೊಮ್ಮಗಳನ್ನು ನೋಡಿದಾಗಲೆಲ್ಲ ಮುದುಕಿ ಏನಾದರೊಂದು ತಿನ್ನಿಸಲು ನೋಡುತ್ತಿದ್ದಳು.

ಒಂದು ಸಂಜೆ ಗಂಜಿ ಬಡಿಸುವ ಹೊತ್ತಿಗೆ ಸೀತಾರಾಮಪ್ಪ ನೋಟ್‌ಬುಕ್ಕು ಬಿಚ್ಚಿಕೊಂಡು ಕೂತ. "ನಮ್ಮ ಹೆಡ್‌ಮೇಷ್ಟ್ರು ನಾಕು ಹೋಟ್ಲ ಹೆಸ್ರು ಕೊಟ್ಟಿದಾರೆ. ನಾಕರಲ್ಲೂ ಫ್ಯಾಮಿಲಿ ರೂಮು ಇದೆ."

"ಅದೆಂತದಾ ಅದು?" ಕೆರಿಯಮ್ಮ ಕೇಳಿದಳು.

"ಹೆಂಗಸ್ರು ಮಕ್ಳಿಗೆ ಅಂತ ಬೇರೆ ಕೋಣೆ. ಬಾಗ್ಲಿಗೆ ಪರದೆ ಇರ್ತದೆ. ಯಾರೂ ನೋಡಲ್ಲ."

"ಪರದೆ ಬಿಟ್ಕೊಂಡು ಉಣ್ಣೋಕೆ ನಾವೇನು ಕದ್ದು ಉಣ್ತೀವಾ?"

ಕೆರಿಯಮ್ಮನ ಗಂಡ ಹೂವಪ್ಪ ಉಪ್ಪಿನಕಾಯಿ ಮಿಡಿ ಚೀಪುತ್ತಾ ತನ್ನ ಮಾತೂ ಸೇರಿಸಿದ. "ಮಿಲ್ಟ್ರಿ ಹೋಟ್ಲಿಗೆ ಕರ್ಕೊಂಡು ಹೋಗು ಸೀತಾರಾಮ. ಮೀನ್ ಸಾರಾದ್ರೆ ಮಗ ಉಣ್ತದೆ."

"ಅಲ್ಲಿ ನಮ್ಮ ಹೊಳೆ ಮೀನು ಎಲ್ಲಿಂದ ಬರ್ಬೇಕು ಮಾವ?" ಎಂದಳು ಸೊಸೆ ಗುತ್ಯಮ್ಮ. "ನಾನು ಸೀಮೆಎಣ್ಣೆ ಸ್ಟೌ ತಗೊಂಡು ಬರ್ತೀನಿ. ಇಳ್ಕೊಳ್ಳೋ ಛತ್ರದಲ್ಲೇ ಒಂದು ಗಂಜಿ ಬೇಯಿಸಿದ್ರಾಯ್ತು."

"ಛತ್ರದಲ್ಲಿ ಒಲೆ ಹಚ್ಚಂಗಿಲ್ಲ ಅಂತ ಬೋರ್ಡು ಹಾಕಿದಾರಂತೆ."

"ನೀವು ಓದೋದೆಲ್ಲಾ ಬರೀ ಅಂಥಾ ಬೋರ್ಡೇ" ಎಂದು ಗುತ್ಯಮ್ಮ ಸೌಟನ್ನು ಪಾತ್ರೆಗೆ ಕುಕ್ಕಿದಳು. ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದುದರಿಂದ ವೇದಿ ತನ್ನ ಗಂಜಿಯನ್ನು ಬೆಕ್ಕಿನ ಮುಂದೆ ಸರಿಸಿದ್ದು ಯಾರಿಗೂ ಕಾಣಲಿಲ್ಲ.

ಮಾರನೆಯ ವಾರ ಗುತ್ಯಮ್ಮನ ತಂಗಿಯ ಮದುವೆ ಮಾತುಕತೆಗೆಂದು ಹೊಸನಗರಕ್ಕೆ ಹೋಗುವುದಿತ್ತು. ಬೆಂಗಳೂರಿಗೆ ಮೊದಲು ಇಲ್ಲೇ ಒಂದು ಪರೀಕ್ಷೆ ಆಗಲಿ ಎಂದ ಸೀತಾರಾಮಪ್ಪ. ಮೇಷ್ಟ್ರಲ್ಲವೇ, ಪರೀಕ್ಷೆಯಿಲ್ಲದೆ ಅವನಿಗೆ ಯಾವುದೂ ಮುಂದೆ ಹೋಗುವುದಿಲ್ಲ. ವಾಪಸು ಬರುವಾಗ ಬಸ್ ಸ್ಟ್ಯಾಂಡಿನ ಎದುರಿನ ಹೋಟೆಲಿಗೆ ಎಲ್ಲರೂ ನುಗ್ಗಿದರು. ಬೆಂಚು ತುಂಬಾ ಜನ. ಸಪ್ಲೈಯರ್ ಇಡ್ಲಿಯ ತಟ್ಟೆ ಕುಕ್ಕಿ, "ಬೇಗ ತಿನ್ಸಿ, ಹಿಂದೆ ಜನ ನಿಂತಿದಾರೆ" ಎಂದ. ವೇದಿ ಬಾಯಿ ಬಿಗಿದಳು. ಗದರಿಸಿದ್ದಾಯಿತು, ಪುಸಲಾಯಿಸಿದ್ದಾಯಿತು, ಸಕ್ಕರೆ ತರಿಸಿದ್ದಾಯಿತು. ಕೊನೆಗೆ ಹಸಿದ ಹೊಟ್ಟೆಯಲ್ಲೇ ಬಸ್ಸು ಹತ್ತಿ, ಅರ್ಧ ದಾರಿಯಲ್ಲಿ ಅಮ್ಮನ ಹೊಸ ಸೀರೆಯ ಮೇಲೆ ಹಳದಿ ನೀರು ಕಾರಿಕೊಂಡಳು.

ಆ ರಾತ್ರಿ ಕೆರಿಯಮ್ಮ ಮನಸ್ಸಿನಲ್ಲೇ ಒಂದು ದಾರಿ ಹುಡುಕಿಕೊಂಡಳು. ಬೆಳಗಾದದ್ದೇ ನಾಗರತ್ನಮ್ಮನವರ ಮನೆಗೆ ಹೊರಟಳು.

ನಾಗರತ್ನಮ್ಮನವರದು ಭೂಮಿಯ ಒಡೆಯರ ಮನೆ. ಹೂವಪ್ಪ ಅವರ ಗದ್ದೆಯನ್ನು ಗೇಣಿಗೆ ಉಳುತ್ತಿದ್ದ, ಅವನಪ್ಪನೂ ಅದನ್ನೇ ಉತ್ತವನು. ಅವರ ತವರು ತೀರ್ಥಹಳ್ಳಿ. ಅವರ ತಮ್ಮ ಸುಂದರೇಶ ಬೆಂಗಳೂರಿನಲ್ಲಿ ಹೋಟೆಲು ಇಟ್ಟು ಹತ್ತು ವರ್ಷವಾಗಿತ್ತು.

"ಎಂತ ಕೆರಿಯಮ್ಮ, ಬಿಸಿಲೇರೋಕೆ ಮುಂಚೆ ಬಂದ್ಯಲ್ಲೇ? ಕೂತ್ಕೋ, ತೆಳ್ಳೇವು ಹುಯ್ತಾ ಇದೀನಿ, ಎರಡು ತಿನ್ನು."

ಕೆರಿಯಮ್ಮ ಹಿತ್ತಿಲ ಜಗಲಿಯಲ್ಲಿ ತನ್ನ ಮಾಮೂಲಿ ಜಾಗದಲ್ಲಿ ಕೂತಳು. ಬಾಳೆಲೆಯ ಕೀತಿನ ಮೇಲೆ ತೆಳು ದೋಸೆಯಂಥ ತೆಳ್ಳೇವು ಮೇಲಿಂದ ಬಿತ್ತು, ಬೆಲ್ಲವೂ ಬಿತ್ತು. ತಿಂದು, ಎಲೆ ಎತ್ತಿ, ಕೊಟ್ಟಿಗೆಯಿಂದ ಚೂರು ಸಗಣಿ ತಂದು ಕೂತ ಜಾಗ ಸಾರಿಸಿ, ಕೈ ತೊಳೆದು ಬಂದಳು. ನಲವತ್ತು ವರ್ಷದಿಂದ ಹಾಗೆಯೇ. ಅದರಲ್ಲಿ ಯೋಚಿಸುವಂಥದ್ದೇನಾದರೂ ಇದೆಯೆಂದು ಅವಳಿಗೆ ಎಂದೂ ಅನ್ನಿಸಿರಲಿಲ್ಲ. ನಾಗರತ್ನಮ್ಮನವರ ಮೇಲೆ ಅವಳಿಗೆ ಪ್ರೀತಿಯಿತ್ತು, ಅವರಿಗೂ ಇವಳ ಮೇಲೆ ಇತ್ತು. ವೇದಿ ಹುಟ್ಟಿದಾಗ ಬೆಣ್ಣೆ ಕಳಿಸಿದವರು ಅವರೇ.

ವಿಷಯ ಕೇಳಿ ಅವರು ಕಣ್ಣಿಗೆ ಕನ್ನಡಕ ಏರಿಸಿ ಅಲ್ಲೇ ಕಾಗದ ಬರೆದರು, ಬರೆದದ್ದನ್ನು ಗಟ್ಟಿಯಾಗಿ ಓದಿದರು. "ಚಿರಂಜೀವಿ ಸುಂದರೇಶನಿಗೆ ಆಶೀರ್ವಾದ. ಇವರು ನಮ್ಮ ಒಕ್ಕಲು ಹೂವಪ್ಪನ ಮನೆಯವರು. ಬಹಳ ನಂಬಿಕೆಯ ಜನ. ಮಗುವಿಗೆ ಮೈ ಸರಿಯಿಲ್ಲ. ಮೆತ್ತಗಿನ ಅನ್ನ ಮಾಡಿಸಿ ಬಡಿಸತಕ್ಕದ್ದು. ಇವರ ಕೈಯಿಂದ ದುಡ್ಡು ತೆಗೆದುಕೊಳ್ಳಬೇಡ."

ಕೆರಿಯಮ್ಮನ ಕಣ್ಣು ತುಂಬಿ ಬಂತು. ಕಾಗದವನ್ನು ಮಡಿಸಿ ಸೆರಗಿನ ತುದಿಗೆ ಗಂಟು ಹಾಕಿ, ಯುದ್ಧ ಗೆದ್ದವಳ ಹಾಗೆ ಮನೆಗೆ ಬಂದಳು.

ಮನೆಯಲ್ಲಿ ಬೇರೆಯೇ ಯುದ್ಧ ಕಾದಿತ್ತು. ಸೀತಾರಾಮಪ್ಪ ಕಾಗದ ಓದಿದ. ಇನ್ನೊಮ್ಮೆ ಓದಿದ. ಅವನ ಮುಖ ಕೆಂಪಾಯಿತು.

"ಇದನ್ಯಾಕೆ ತಂದೆ ಅವ್ವ?"

"ಯಾಕೆ ಅಂದ್ರೆ? ಗುರುತಿನೋರ ಹೋಟ್ಲು. ಮಗೀಗೆ ಮೆತ್ತಗಿನ ಅನ್ನ ಮಾಡ್ಕೊಡ್ತಾರೆ."

"ಬೆಂಗ್ಳೂರಲ್ಲಿ ನಾವ್ಯಾರು ಅಂತ ಯಾರಿಗೂ ಗೊತ್ತಿಲ್ಲ. ಆ ಊರಲ್ಲಿ ಚೆಂದ ಇರೋದೇ ಅದೊಂದು. ನೀನು ಅದನ್ನೂ ಕಾಗದದಲ್ಲಿ ಬರೆಸ್ಕೊಂಡು ಬಂದಿದೀಯ."

"ಗೊತ್ತಿಲ್ದೋರು ಹೊಸ್ನಗರದಲ್ಲಿ ಎಂತ ಮಾಡಿದ್ರು, ನೋಡ್ಲಿಲ್ವಾ? ಮೇಷ್ಟ್ರಾದೆ ಅಂತ ಅಮ್ಮನೋರ ಕಾಗ್ದ ಬ್ಯಾಡ್ವಾಯ್ತಾ ನಿಂಗೆ?"

"ಬೇಡ."

"ಹಂಗಾರೆ ನೀನೇ ಉಣ್ಸು ನಿನ್ನ ಮಗಳಿಗೆ. ನಾ ಬರಲ್ಲ."

ಹೂವಪ್ಪ ಮಗನ ಕಡೆಗೊಮ್ಮೆ, ಹೆಂಡತಿಯ ಕಡೆಗೊಮ್ಮೆ ನೋಡಿ, ಎತ್ತಿಗೆ ನೀರು ತೋರಿಸಬೇಕೆಂದು ಎದ್ದು ಹೋದ. ಎತ್ತು ಆಗಷ್ಟೇ ಕುಡಿದು ಬಂದಿತ್ತು.

ಮೂರು ದಿನ ತಾಯಿ ಮಗ ಮಾತಾಡಲಿಲ್ಲ. ಅವಳು ಚಾಪೆಯ ಮೇಲೆ ಹಪ್ಪಳ ಹರವುವಾಗ ಅವನು ಚಾಪೆ ದಾಟಿ ಹೋಗುತ್ತಿದ್ದ. ಅವನು ಸ್ನಾನಕ್ಕೆ ನೀರು ಕೇಳಿದರೆ ಅವಳು ಗೋಡೆಗೆ ಉತ್ತರ ಹೇಳುತ್ತಿದ್ದಳು. ನಾಲ್ಕನೆಯ ದಿನ ವೇದಿಗೆ ಕುಡಿದ ಹಾಲು ಕೂಡ ದಕ್ಕದೆ ಹೋದಾಗ ಗುತ್ಯಮ್ಮ ಇಬ್ಬರ ನಡುವೆ ಬಂದು ನಿಂತಳು.

"ಕಾಗ್ದ ಇರ್ಲಿ ಬಿಡ್ರಿ. ನಿಮ್ಮ ಮರ್ಯಾದೆ, ಅತ್ತೆಯೋರ ಹಟ ಎರಡೂ ಆಮೇಲೆ ನೋಡೋಣ. ಇವ್ಳು ಉಂಡ್ರೆ ಸಾಕು ನಂಗೆ."

ಅಷ್ಟಕ್ಕೆ ಮಾತು ನಿಂತಿತು. ಹೂವಪ್ಪನನ್ನು ಮನೆ ಕಾಯಲು ಬಿಟ್ಟು, ಅವಲಕ್ಕಿ ಉಂಡೆ, ಬಾಳೆಹಣ್ಣು, ಒಂದು ಕೂಜ ನೀರು ಹಿಡಿದು ನಾಲ್ವರು ಸಾಗರದಲ್ಲಿ ರೈಲು ಹತ್ತಿದರು. ಬೀರೂರಿನಲ್ಲಿ ಗಾಡಿ ಬದಲಿಸಿ ಬೆಂಗಳೂರು ಮುಟ್ಟುವಷ್ಟರಲ್ಲಿ ವೇದಿ ತಿಂದದ್ದು ಎರಡು ಬಾಳೆಹಣ್ಣು.

ಆಸ್ಪತ್ರೆಯಲ್ಲಿ ಡಾಕ್ಟರು ಮಗುವಿನ ಕಣ್ಣಿಗೆ ಹನಿ ಹಾಕಿದರು. "ಎರಡು ದಿನ ಮಂಜು ಮಂಜಾಗಿ ಕಾಣುತ್ತೆ, ಹೆದರಬೇಡಿ. ನಾಳೆ ಮೂರು ಗಂಟೆಗೆ ಪೂರ್ತಿ ಪರೀಕ್ಷೆ ಮಾಡ್ತೀನಿ, ತುಂಬಾ ಹೊತ್ತು ಹಿಡಿಯುತ್ತೆ. ಹಸಿದ ಹೊಟ್ಟೇಲಿ ಮಾತ್ರ ಕರ್ಕೊಂಡು ಬರಬೇಡಿ, ಮಗು ತುಂಬಾ ನಿತ್ರಾಣ ಇದೆ" ಎಂದರು. ಕೆರಿಯಮ್ಮ ಮಗನ ಮುಖವನ್ನೇ ನೋಡಿದಳು. ಅವನು ಸುಂದರೇಶನ ಹೋಟೆಲಿನ ದಾರಿ ಕೇಳತೊಡಗಿದ.

ಶ್ರೀ ವರದಾಂಬಾ ಭವನ ದೊಡ್ಡ ಹೋಟೆಲೇ. ಕಲ್ಲುಹಾಸಿನ ಮೇಜುಗಳು, ಗೋಡೆಗೆ ಆಳೆತ್ತರದ ಕನ್ನಡಿಗಳು. ಗಲ್ಲಾದ ಹಿಂದೆ ಕೂತಿದ್ದ ಸುಂದರೇಶ ಕಾಗದ ಓದುತ್ತಲೇ ಎದ್ದು ನಿಂತ. "ಅಯ್ಯೋ, ನಮ್ಮಕ್ಕನ ಊರಿನೋರು! ಅಕ್ಕ ಹೇಗಿದಾಳೆ? ಭಾವನ ಮಂಡಿನೋವು? ಇದೇನಾ ಮಗು? ಪಾಪ, ಎಷ್ಟು ಬಡವಾಗಿದೆ. ಬನ್ನಿ ಬನ್ನಿ, ಒಳಗೇ ಬನ್ನಿ."

ನಗುನಗುತ್ತಾ ಅವನೇ ಮುಂದೆ ನಡೆದ. ಖಾಲಿಯಿದ್ದ ಮೇಜುಗಳು ಹಿಂದಾದವು. ಬಣ್ಣದ ಪರದೆ ಬಿಟ್ಟ ಫ್ಯಾಮಿಲಿ ರೂಮು ಹಿಂದಾಯಿತು. ಅಡಿಗೆಮನೆಯ ಹೊಗೆ ಹಿಂದಾಯಿತು. ಹಿತ್ತಿಲ ಬಾಗಿಲು ದಾಟಿ, ಸೌದೆ ಒಟ್ಟಿದ್ದ ಜಗಲಿಯ ಹತ್ತಿರ ಅವನು ನಿಂತು ಚಾಪೆ ಹಾಸಿಸಿದ. "ಇಲ್ಲಿ ಆರಾಮಾಗಿ ಕೂತ್ಕೊಳ್ಳಿ. ದುಡ್ಡಿನ ಮಾತೇ ಬೇಡ. ಇರೋಷ್ಟು ದಿನವೂ ಇಲ್ಲೇ ಊಟ."

ಕೆರಿಯಮ್ಮ ಸಲೀಸಾಗಿ ಕೂತಳು. ಇಷ್ಟು ದೂರ ಬಂದು ಅವಳ ಮೈ ಹಗುರಾದದ್ದು ಆಗಲೇ. ಗುತ್ಯಮ್ಮ ಗಂಡನ ಮುಖ ನೋಡಿ ಮೆಲ್ಲಗೆ ಕೂತಳು. ಸೀತಾರಾಮಪ್ಪ, "ನಂಗೆ ಹಸಿವಿಲ್ಲ" ಎಂದು ನಿಂತೇ ಇದ್ದ.

ಮೆತ್ತಗಿನ ಅನ್ನ ಬಂತು, ತುಪ್ಪ ಬಂತು, ಖಾರವಿಲ್ಲದ ಸಾರು ಬಂತು. ಅಲ್ಲಿ ಸದ್ದಿಲ್ಲ, ಜನವಿಲ್ಲ, ಬೇಗ ತಿನ್ನು ಎನ್ನುವವರಿಲ್ಲ. ವೇದಿ ಒಂದು ತುತ್ತು ನುಂಗಿದಳು, ಎರಡು ನುಂಗಿದಳು, ಆಮೇಲೆ ತಾನಾಗಿಯೇ ಕಲಸಿಕೊಂಡು ಉಂಡಳು. ಇನ್ನೊಂದು ಸಲ ಅನ್ನ ಹಾಕಿಸಿಕೊಂಡಳು! ಕೆರಿಯಮ್ಮನಿಗೆ ಕೂಗಿ ಹೇಳಬೇಕೆನ್ನಿಸುವಷ್ಟು ಸಂತೋಷವಾಯಿತು. ನೋಡಿದ್ಯಾ ಎನ್ನುವ ಹಾಗೆ ಮಗನ ಕಡೆ ತಿರುಗಿದಳು. ಅವನು ಸೌದೆಯ ರಾಶಿಯನ್ನು ನೋಡುತ್ತಿದ್ದ.

ಊಟ ಮುಗಿಯಿತು. "ಎಲೆ ಎತ್ತು ಮಗ, ಬಗ್ಗಿ ಎತ್ತು, ಚೆಲ್ಲಬ್ಯಾಡ" ಎಂದು ಮೊಮ್ಮಗಳಿಗೆ ಹೇಳುತ್ತಾ, ಕೆರಿಯಮ್ಮ ಸಗಣಿ ಎಲ್ಲಿ ಸಿಕ್ಕೀತೆಂದು ಹಿತ್ತಿಲ ಸುತ್ತ ಕಣ್ಣಾಡಿಸಿದಳು. ವೇದಿ ಅಜ್ಜಿ ಹೇಳಿದ ಹಾಗೆಯೇ ಬಗ್ಗಿ, ಎರಡೂ ಕೈಯಲ್ಲಿ ಎಲೆ ಮಡಿಸಿದಳು.

ಸೀತಾರಾಮಪ್ಪ ಬಂದು ಮಗಳ ಕೈಯಿಂದ ಎಲೆಯನ್ನು ಕಿತ್ತುಕೊಂಡ. ಅವನೇ ಅದನ್ನು ತೊಟ್ಟಿಗೆ ಹಾಕಿ ಬಂದ.

ಛತ್ರದ ಕೋಣೆ ಮುಟ್ಟಿದ ಮೇಲೆ ಕೇಳಿದ. "ನನ್ನ ಮಗಳಿಗೆ ಇದನ್ನ ಕಲಿಸೋಕೆ ಬೆಂಗ್ಳೂರು ತನಕ ಬಂದ್ಯಾ ಅವ್ವ?"

"ಎಂತ ಕಲಿಸ್ದೆ ನಾನು? ಎರಡು ಸಲ ಅನ್ನ ಹಾಕಿಸ್ಕೊಂಡ್ಲು. ನೀನು ಕಂಡ್ಯಾ ಯಾವಾಗಾದ್ರೂ?"

"ಮುಂದೆ ಅಷ್ಟು ಮೇಜು ಖಾಲಿ ಇದ್ವಲ್ಲ, ಹಿಂದ್ಯಾಕೆ ಕೂರಿಸ್ದ?"

"ಧರ್ಮದ ಊಟ. ಎಲ್ಲಾದ್ರೂ ಕೂರಿಸ್ಲಿ."

"ದುಡ್ಡು ಕೊಟ್ಟು ಮುಂದೆ ಕೂರ್ತೀವಿ ಅಂದಿದ್ರೆ ಕೂರಿಸ್ತಿದ್ನಾ? ಹೇಳು."

ಕೆರಿಯಮ್ಮನಿಗೆ ಸುಂದರೇಶನ ನಗು ಕಣ್ಣ ಮುಂದೆ ಬಂತು. ಅವನು ಒಳ್ಳೆಯವನೇ, ಅದರಲ್ಲಿ ಸಂಶಯವಿಲ್ಲ. ಆದರೆ ಕೂರಿಸುತ್ತಿದ್ದ ಎಂದು ಹೇಳಲು ಅವಳ ನಾಲಗೆ ಏಳಲಿಲ್ಲ. "ನಾಳೆ ಮೂರು ಗಂಟೆಗೆ ಡಾಕ್ಟ್ರು ಬರಕ್ಕೆ ಹೇಳಿದಾರೆ. ಉಂಡಿರ್ಬೇಕು ಅಂದಿದಾರೆ" ಎಂದಷ್ಟೇ ಅಂದು ಗೋಡೆಯ ಕಡೆ ತಿರುಗಿ ಕೂತಳು.

ಬೆಳಗ್ಗೆ ಗುತ್ಯಮ್ಮ ಮಗಳ ತಲೆ ಬಾಚುತ್ತಿದ್ದಳು. ಹನಿಯಿಂದಾಗಿ ವೇದಿಗೆ ಎದುರಿನ ಬಾಚಣಿಗೆಯೂ ಮಸುಕು.

"ಇವತ್ತು ಎಲ್ಲಿಗೆ ಹೋಗಣ ಉಣ್ಣೋಕೆ?" ಎಂದು ಗುತ್ಯಮ್ಮ ಸುಮ್ಮನೆ ಕೇಳಿದಳು.

"ನಿನ್ನೆ ಹೋಟ್ಲಿಗೆ."

"ಅಲ್ಲಿ ಅನ್ನ ಚೆನ್ನಾಗಿತ್ತಾ?"

"ಹೂಂ. ಅಲ್ಲಿ ಹಿಂದುಗಡೆ ನಮ್ಗೇ ಅಂತ ಜಾಗ ಇದೆಯಲ್ಲ ಅಮ್ಮ. ಸೌದೆ ಹತ್ರ. ನಾವು ಕೂರೋದು ಅಲ್ಲಿ. ಮುಂದೆ ಕೂರೋದು ಬೇರೆಯೋರು."

ಗುತ್ಯಮ್ಮನ ಕೈ ನಿಂತಿತು. ಕೆರಿಯಮ್ಮ ಅವಲಕ್ಕಿ ಉಂಡೆಯ ಡಬ್ಬಿ ಮುಚ್ಚುತ್ತಿದ್ದವಳು ಮುಚ್ಚಳ ಹಿಡಿದುಕೊಂಡೇ ಕೂತುಬಿಟ್ಟಳು. ಮಗು ಸುಳ್ಳು ಹೇಳಿರಲಿಲ್ಲ, ದೂರಿಯೂ ಇರಲಿಲ್ಲ. ಒಂದೇ ಊಟಕ್ಕೆ ಅಷ್ಟನ್ನೂ ಕಲಿತುಬಿಟ್ಟಿತ್ತು. ತಾನು ಇದನ್ನು ಎಷ್ಟನೆಯ ವರ್ಷಕ್ಕೆ ಕಲಿತೆ ಎಂದು ಕೆರಿಯಮ್ಮ ನೆನೆಸಿಕೊಳ್ಳಲು ನೋಡಿದಳು. ನೆನಪಾಗಲಿಲ್ಲ. ಇಷ್ಟೇ ಇದ್ದಿರಬೇಕು, ಇದಕ್ಕಿಂತ ಚಿಕ್ಕವಳೂ ಇದ್ದಿರಬಹುದು. ನಾಚಿಕೆಯೋ ಸಿಟ್ಟೋ ಬಂತು, ಯಾರ ಮೇಲೆಂದು ಮಾತ್ರ ತಿಳಿಯಲಿಲ್ಲ.

ಹನ್ನೆರಡಕ್ಕೆ ಎಲ್ಲರೂ ಹೊರಟರು. ವರದಾಂಬಾ ಭವನದ ತಿರುವು ಬಂದಾಗ ಸೀತಾರಾಮಪ್ಪ ತಾನಾಗಿಯೇ ಆ ಕಡೆ ಹೊರಳಿದ. ರಾತ್ರಿಯೆಲ್ಲ ಅವನೂ ಮಗಳ ಕುತ್ತಿಗೆಯ ಎಲುಬನ್ನು ನೋಡಿದ್ದ.

"ಎಲ್ಲಿಗೆ?" ಕೆರಿಯಮ್ಮ ಕೇಳಿದಳು.

"ಅಲ್ಲಿಗೇ. ಇವತ್ತೊಂದು ದಿನ ಹೋಗಿ ಬರೋಣ ಅವ್ವ. ಪರೀಕ್ಷೆ ಮುಗೀಲಿ. ಅಲ್ಲಾದ್ರೆ ಉಣ್ತಾಳೆ."

"ಬ್ಯಾಡ."

"ನಿನ್ನೆ ನೀನೇ..."

"ನಿನ್ನೆ ನಂಗೆ ತಿಳೀಲಿಲ್ಲ, ಆಯ್ತಾ? ನಡಿ, ಎದ್ರಿಗೆ ಯಾವ್ದೋ ಒಂದಿದೆಯಲ್ಲ, ಅಲ್ಲಿಗೆ."

"ಅದು ಯಾರದು ಏನು ಒಂದೂ ಗೊತ್ತಿಲ್ಲ. ನನ್ನ ಪಟ್ಟೀಲೂ ಇಲ್ಲ. ಜನ ಬೇರೆ ತುಂಬಿದಾರೆ. ಅವ್ಳು ಬಾಯಿ ಬಿಡಲ್ಲ ಅವ್ವ."

"ಬಿಡದಿದ್ರೆ ಡಾಕ್ಟ್ರ ಕಾಲು ನಾ ಹಿಡ್ಕೋತೀನಿ, ಇನ್ನೊಂದು ದಿನ ಕೊಡಿ ಅಂತ. ಒಂದು ಹೊತ್ತು ಹಸಿದದ್ದು ನಾಳೆ ತುಂಬ್ತದೆ. ಅಲ್ಲಿ ಇನ್ನೊಂದ್ಸಲ ಕೂತ್ಲು ಅಂದ್ರೆ ಅದು ಹೋಗಲ್ಲ ಸೀತಾರಾಮ. ನಂಗೆ ಹೋಗಿಲ್ಲ, ನೋಡು." ಬೀದಿಯ ನಡುವೆ ನಿಂತು ಅಳುವುದು ಬೇಡವೆಂದು ಅವಳು ಮೊಮ್ಮಗಳ ಕೈ ಹಿಡಿದು ರಸ್ತೆ ದಾಟಿಯೇಬಿಟ್ಟಳು. ಸೈಕಲ್ಲಿನವನೊಬ್ಬ ಬೈದುಕೊಂಡು ಪಕ್ಕಕ್ಕೆ ಸರಿದ.

ಫ್ಯಾಮಿಲಿ ರೂಮು ಅಲ್ಲಿ ಇರಲೇ ಇಲ್ಲ. ಪಾತ್ರೆಯ ಸದ್ದು, ನಲ್ಲಿಯ ಸದ್ದು, ಎಲ್ಲರ ಮಾತು. ಕೆರಿಯಮ್ಮ ಬಾಗಿಲಲ್ಲಿ ಒಂದು ಕ್ಷಣ ತಡೆದಳು. ಅವಳ ಕಾಲು ಹಿತ್ತಿಲ ದಾರಿ ಹುಡುಕುತ್ತಿತ್ತು. ಆಮೇಲೆ ನಡುವಿನ ಮೇಜಿಗೇ ಹೋಗಿ ಕುರ್ಚಿ ಎಳೆದು ಕೂತಳು. ಕುರ್ಚಿಯ ತುದಿಯಲ್ಲಿ, ಬೀಳುವವಳ ಹಾಗೆ ಕೂತಿದ್ದಳು. ವೇದಿ ಅವಳ ತೋಳಿಗೆ ಅಂಟಿಕೊಂಡಳು. ಎದುರಿಗೆ ಸೀತಾರಾಮಪ್ಪ ಮತ್ತು ಗುತ್ಯಮ್ಮ, ಇಬ್ಬರ ಮುಖದಲ್ಲೂ ಮೂರು ಗಂಟೆಯ ಹೆದರಿಕೆ. ಪಕ್ಕದ ಖಾಲಿ ಕುರ್ಚಿಗೆ ಕೋಟು ಟೋಪಿಯ ಯಜಮಾನರೊಬ್ಬರು ಬಂದು ಕೂತು, ಇವರ ಕಡೆ ನೋಡದೆಯೇ ಪೇಪರು ಬಿಡಿಸಿದರು. ಕೆರಿಯಮ್ಮ ಏಳಲು ಹೋಗಿ, ತೊಡೆಯ ಮೇಲೆ ಕೈಯೊತ್ತಿ ತನ್ನನ್ನು ತಾನೇ ಕೂರಿಸಿಕೊಂಡಳು.

ಸಪ್ಲೈಯರ್ ಹೆಗಲ ಮೇಲಿನ ಬಟ್ಟೆಯಲ್ಲಿ ಮೇಜು ಒರೆಸಿದ. "ಏನ್ ಕೊಡ್ಲಿ ಅಜ್ಜಿ?"

ನಾಗರತ್ನಮ್ಮನವರ ಜಗಲಿಯಲ್ಲಾಗಲಿ ಸುಂದರೇಶನ ಹಿತ್ತಿಲಲ್ಲಾಗಲಿ ಅವಳನ್ನು ಯಾರೂ ಹಾಗೆ ಕೇಳಿರಲಿಲ್ಲ. ಕೊಟ್ಟದ್ದು ಎಲೆಗೆ ಬೀಳುತ್ತಿತ್ತು, ಅಷ್ಟೇ. ಕೆರಿಯಮ್ಮ, "ಎಂತೆಂತ ಇದೆ, ಹೇಳಪ್ಪ" ಎಂದಳು.

ಅವನು ಒಂದೇ ಉಸಿರಿಗೆ ಒದರಿದ. "ಇಡ್ಲಿ ವಡೆ ಸಾದಾ ದೋಸೆ ಮಸಾಲೆ ದೋಸೆ ಉಪ್ಪಿಟ್ಟು ಕೇಸರಿಬಾತ್ ಪೂರಿಸಾಗು ಚಿತ್ರಾನ್ನ ಮೊಸರನ್ನ."

"ಇನ್ನೊಂದ್ಸಲ ಹೇಳು. ಮೆಲ್ಲಗೆ. ಮಗೂಗೆ ಕಣ್ಣಿಗೆ ಮದ್ದು ಹಾಕಿದಾರೆ, ಕಾಣಲ್ಲ. ಕೇಳಿಸ್ಕೊಳ್ಳಲಿ."

ಅವನು ಅಡಿಗೆಮನೆಯ ಕಡೆ ಒಮ್ಮೆ ನೋಡಿದ, ಮಗುವಿನ ಕಡೆ ನೋಡಿದ, ಆಮೇಲೆ ಪಾಠ ಒಪ್ಪಿಸುವವನ ಹಾಗೆ ಒಂದೊಂದನ್ನೂ ಬಿಡಿಸಿ ಹೇಳಿದ. ಪೇಪರಿನ ಯಜಮಾನರೂ ಕಾದರು.

ವೇದಿ ಅಜ್ಜಿಯ ಕಿವಿಗೆ ಬಾಯಿಟ್ಟು ಏನೋ ಅಂದಳು.

"ನಂಗಲ್ಲ, ಅವ್ರಿಗೆ ಹೇಳು" ಎಂದಳು ಕೆರಿಯಮ್ಮ. "ಗಟ್ಟಿಯಾಗಿ ಹೇಳು."

ಮಗು ಮಂಜಿನ ಕಣ್ಣಲ್ಲಿ ಆ ದೊಡ್ಡ ಆಕಾರವನ್ನು ದಿಟ್ಟಿಸಿತು.

"ಪೂರಿ" ಎಂದಳು ವೇದಿ.

ಸಪ್ಲೈಯರ್ ಹಿಂದಕ್ಕೆ ತಿರುಗಿ, ಇಡೀ ಹೋಟೆಲಿಗೆ ಕೇಳುವ ಹಾಗೆ ಕೂಗಿದ. "ನಡು ಟೇಬಲ್‌ಗೆ ಒಂದು ಪೂರೀ!"